ಹಲ್ಲಿನೊಡನೆ ಸವೆಯಬೇಕಾದ ವಸ್ತು

ಹಲ್ಲಿನ ಫಿಲ್ಲಿಂಗ್ ಸವೆಯುವ ಬಗ್ಗೆ ರಾಯಚೂರಿನಲ್ಲಿ ಸಾರ್ವಜನಿಕರ ಮುಂದೆ ಆಡಿದ ಮಾತುಗಳನ್ನು, ಅಂದು ಕೇಳಿದವರಲ್ಲಿ ಕೆಲವರ ಒತ್ತಾಯದ ಮೇರೆಗೆ, ಬರಹಕ್ಕೆ ಇಳಿಸಿದ್ದೇನೆ. ಅಂದು ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ. ಉಳಿದಂತೆ ಆಡಿದ ಕ್ರಮವನ್ನು ಬದಲಿಸಿಲ್ಲ.

ಕೆಲವು ವರ್ಷಗಳ ಹಿಂದೆ ಮಸ್ಕಿ ಕಡೆಯ ಒಂದು ಹಳ್ಳಿಯಿಂದ ಅರವತ್ತು ದಾಟಿದ ತಾಯಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಅದಕ್ಕೆ ನಾಲ್ಕು ವರ್ಷ ಮೊದಲು ಅವರ ಕೆಳಗಿನ ದವಡೆ ಹಲ್ಲಿನ ಹುಳುಕು ತೆಗೆದು ಫಿಲ್ಲಿಂಗ್ ಮಾಡಿದವನು ನಾನೇ. ಕುರ್ಚಿಯಲ್ಲಿ ಕುಳಿತವರೇ, "ಯಪ್ಪಾ, ನೀ ತುಂಬಿದ ಸಿಮೆಂಟು ಬಿದ್ದಿಲ್ಲ, ಒಡದೂ ಇಲ್ಲ. ಆದ್ರ ಅದು ಎಲ್ಲಿ ಹೋತು?" ಎಂದು ಕೇಳಿದರು. ಚೂಪು ಮೊನೆಯ ಸಲಾಕೆಯನ್ನು ಹಲ್ಲಿನ ಅಂಚಿನಿಂದ ಒಳಮುಖವಾಗಿ ಎಳೆದು ನೋಡಿದೆ. ಎನಾಮಲ್ ಮೇಲೆ ನುಣ್ಣಗೆ ಜಾರಿದ ಮೊನೆ ಫಿಲ್ಲಿಂಗ್ ಶುರುವಾಗುವ ಕಡೆ ಮೆಟ್ಟಿಲಿಳಿದಂತೆ ಕೆಳಕ್ಕೆ ಇಳಿಯಿತು. ಕುಳಿಯ ತಳದಲ್ಲಿ ವಸ್ತು ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತ್ತು. ಮೇಲಿನ ಭಾಗ ಮಾತ್ರ ಇರಲಿಲ್ಲ. ಆ ತಾಯಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಎಷ್ಟೆಲ್ಲ ಸಂಗತಿಗಳನ್ನು ಹೇಳಬೇಕಾಗುತ್ತದೆ ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಮೊದಲು ಹಲ್ಲನ್ನೇ ನೋಡೋಣ. ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದ ಅತ್ಯಂತ ಗಟ್ಟಿಯಾದ ಭಾಗ. ಅದರ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ, ಅಂದರೆ ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಹೈಡ್ರಾಕ್ಸಿ ಅಪಟೈಟ್ ಹರಳುಗಳು. ಅದರ ಕೆಳಗಿನ ಡೆಂಟಿನ್ ಹಳದಿ ಬಣ್ಣದ್ದು, ಗಡಸುತನದಲ್ಲಿ ಎನಾಮಲ್‌ನ ಐದನೆಯ ಒಂದು ಭಾಗದಷ್ಟು ಮಾತ್ರ. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವ ಹೊತ್ತಿಗೆ ಇಲ್ಲವಾಗುತ್ತವೆ. ಆದ್ದರಿಂದ ಮುರಿದ ಮೂಳೆ ಕೂಡುವಂತೆ, ಕತ್ತರಿಸಿದ ಉಗುರು ಬೆಳೆಯುವಂತೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಈ ಒಂದು ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಇದರ ಅಗತ್ಯ ಬೀಳುತ್ತದೆ.

ಇಷ್ಟು ಗಟ್ಟಿಯಾದ ಎನಾಮಲ್ ಕೂಡ ಸವೆಯುತ್ತದೆ. 1989ರಲ್ಲಿ ಬೆಲ್ಜಿಯಂನ ಲ್ಯಾಂಬ್ರೆಕ್ಟ್ಸ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಅಳತೆಗಳ ಪ್ರಕಾರ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುವ ಜಾಗದಲ್ಲಿ ದವಡೆ ಹಲ್ಲಿನ ಎನಾಮಲ್ ವರ್ಷಕ್ಕೆ ಸುಮಾರು 29 ಮೈಕ್ರೋಮೀಟರ್, ಅದರ ಮುಂದಿನ ಸಣ್ಣ ದವಡೆ ಹಲ್ಲಿನ ಎನಾಮಲ್ ಸುಮಾರು 15 ಮೈಕ್ರೋಮೀಟರ್ ಸವೆಯುತ್ತದೆ. ಒಂದು ಮಿಲಿಮೀಟರ್‌ನಲ್ಲಿ ಸಾವಿರ ಮೈಕ್ರೋಮೀಟರ್. ತಲೆಗೂದಲಿನ ದಪ್ಪ ಸುಮಾರು 70. ಅಂದರೆ ಎರಡು ಮೂರು ವರ್ಷಕ್ಕೆ ಒಂದು ಕೂದಲಿನಷ್ಟು ಎನಾಮಲ್ ಅಗಿಯುವ ಕೆಲಸದಲ್ಲೇ ಹೋಗುತ್ತದೆ. ಇದು ರೋಗವಲ್ಲ. ಹಲ್ಲು ಸವೆದಂತೆ ನಿಧಾನವಾಗಿ ದವಡೆಯಿಂದ ಮೇಲೇಳುತ್ತ ಎದುರಿನ ಹಲ್ಲಿನ ಸಂಪರ್ಕವನ್ನು ಕಾಪಾಡಿಕೊಳ್ಳುತ್ತದೆ. ಬಾಯಿಯ ಈ ಏರ್ಪಾಡು ಎಲ್ಲ ಹಲ್ಲುಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸವೆಯುತ್ತವೆ ಎಂಬ ನಂಬಿಕೆಯ ಮೇಲೆ ನಿಂತಿದೆ, ಮತ್ತು ಫಿಲ್ಲಿಂಗ್ ಎಂಬ ಹೊಸ ವಸ್ತು ಬಂದು ಕೂಡುವುದು ಇಂತಹ ನಡೆಯುತ್ತಿರುವ ಸಂಸಾರದೊಳಕ್ಕೆ.

ಸವೆತಕ್ಕೆ ಕಾರಣಗಳು ಹಲವು. ಹಲ್ಲಿಗೆ ಹಲ್ಲು ನೇರವಾಗಿ ಉಜ್ಜುವುದು ಒಂದು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ಇದೇ ಮುಖ್ಯ. ಎರಡು ಹಲ್ಲುಗಳ ನಡುವೆ ಸಿಕ್ಕ ಆಹಾರ, ಅದರಲ್ಲಿರುವ ಗಟ್ಟಿ ಕಣಗಳು ಉಜ್ಜುವುದು ಇನ್ನೊಂದು. ಒಂದೇ ಜಾಗದ ಮೇಲೆ ಲಕ್ಷಾಂತರ ಬಾರಿ ಒತ್ತಡ ಬಿದ್ದು ಒಳಗೊಳಗೆ ಸಣ್ಣ ಬಿರುಕುಗಳು ಕೂಡಿಕೊಂಡು ಚೂರು ಏಳುವುದು ಮಗದೊಂದು. ಹುಳಿ ಪದಾರ್ಥಗಳ, ಬಾಟಲಿ ಸೋಡಾಗಳ ಆಮ್ಲ ಮೇಲ್ಮೈಯನ್ನು ಮೆತ್ತಗೆ ಮಾಡಿ, ಆಮೇಲೆ ಬರುವ ಉಜ್ಜುವಿಕೆಗೆ ದಾರಿ ಮಾಡಿಕೊಡುತ್ತದೆ. ಬಾಯಿಯಲ್ಲಿ ಇವೆಲ್ಲವೂ ಒಟ್ಟಿಗೇ ನಡೆಯುವುದರಿಂದ, ಇಂತಹ ಫಿಲ್ಲಿಂಗ್ ಇಂತಿಷ್ಟೇ ಸವೆಯುತ್ತದೆ ಎಂದು ಒಂದು ಅಂಕಿ ಹೇಳಿ ಮುಗಿಸಲು ಬರುವುದಿಲ್ಲ.

ನಮ್ಮ ಭಾಗದ ಕೃಷಿಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎರೆ ಹೊಲದಲ್ಲಿ ಓಡಾಡಿದ ಕುಂಟೆಯ ಕುಡಕ್ಕೂ ಮರಳು ಬೆರೆತ ಮಸಾರಿ ಹೊಲದಲ್ಲಿ ಓಡಾಡಿದ ಕುಡಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತು. ಕಬ್ಬಿಣ ಅದೇ, ಎಳೆಯುವ ಎತ್ತು ಅದೇ, ಸವೆತ ಮಾತ್ರ ಬೇರೆ. ಕಾರಣ ಮರಳು. ಮರಳಿನ ಮುಖ್ಯ ಭಾಗವಾದ ಸ್ಫಟಿಕಶಿಲೆ ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ 7ನೆಯ ಸ್ಥಾನದಲ್ಲಿದೆ. ನಮ್ಮ ಎನಾಮಲ್‌ನ ಮೂಲವಾದ ಅಪಟೈಟ್ 5ರಲ್ಲಿದೆ. ಎಂದರೆ ಊಟದಲ್ಲಿ ಸೇರಿದ ಒಂದು ಮರಳ ಕಣ ಎನಾಮಲ್ ಮೇಲೆ ಗೀರು ಹಾಕಬಲ್ಲದು, ಎನಾಮಲ್ ಅದನ್ನು ಏನೂ ಮಾಡಲಾರದು. ಕಣದ ಮಣ್ಣು ಜೋಳದೊಳಗೆ ಸೇರಿ, ಬೀಸುಕಲ್ಲಿನ ಪುಡಿ ಹಿಟ್ಟಿನೊಳಗೆ ಸೇರಿ, ಅದೇ ಹಿಟ್ಟಿನ ರೊಟ್ಟಿ ತಿಂದು ಬೆಳೆದ ಹಿರಿಯರ ದವಡೆ ಹಲ್ಲುಗಳು ಚಪ್ಪಟೆಯಾಗಿ ತಗಡಿನಂತಾಗಿರುವುದನ್ನು ನಾನು ದಿನವೂ ನೋಡುತ್ತೇನೆ. ಬಳ್ಳಾರಿ, ಸಂಡೂರು ಕಡೆಯ ಅದಿರಿನ ಧೂಳಿನಲ್ಲಿರುವ ಹೆಮಟೈಟ್ ಕೂಡ ಅಪಟೈಟ್‌ಗಿಂತ ಗಡಸು. ಧೂಳಿನಲ್ಲಿ ದುಡಿಯುವವರ ಹಲ್ಲು ಹೆಚ್ಚು ಸವೆಯುವುದು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿದೆ. ಕೆಲಸದ ಹೊತ್ತಿನಲ್ಲಿ ಮೂಗು ಬಾಯಿ ಮುಚ್ಚಿಕೊಳ್ಳುವುದು ಶ್ವಾಸಕೋಶಕ್ಕಷ್ಟೇ ಅಲ್ಲ, ಹಲ್ಲಿಗೂ ಒಳ್ಳೆಯದು.

ಇನ್ನು ತುಂಬುವ ವಸ್ತುಗಳ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ 'ಬೆಳ್ಳಿ ತುಂಬಿಸುವುದು' ಎಂದು ಕರೆಯುವ ಅಮಾಲ್ಗಮ್ ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಪಾದರಸದಲ್ಲಿ ಕಲಸಿ ಮಾಡಿದ್ದು. ತೂಕದಲ್ಲಿ ಸುಮಾರು ಅರ್ಧ ಪಾದರಸವೇ. 1833ರ ಹೊತ್ತಿಗೆ ಅಮೆರಿಕಕ್ಕೆ ಹೋದ ಈ ಪದ್ಧತಿ ಅಲ್ಲಿ ದೊಡ್ಡ ಜಗಳಕ್ಕೆ ಕಾರಣವಾಯಿತು, ಮತ್ತು 1890ರ ದಶಕದಲ್ಲಿ ಜಿ. ವಿ. ಬ್ಲ್ಯಾಕ್ ಲೋಹಗಳ ಪ್ರಮಾಣವನ್ನು ಹದಗೊಳಿಸಿದ ಮೇಲೆ ನಂಬಲರ್ಹ ವಸ್ತುವಾಯಿತು. ಸವೆತದ ದೃಷ್ಟಿಯೊಂದರಿಂದಲೇ ನೋಡಿದರೆ ಅದು ಎನಾಮಲ್‌ಗೆ ಬಹಳ ಹತ್ತಿರದ ನೆಂಟ. ಎದುರಿನ ಹಲ್ಲನ್ನೂ ನೋಯಿಸುವುದಿಲ್ಲ. ಆದರೆ ಪಾದರಸವನ್ನು ನೆಲಕ್ಕೆ, ನೀರಿಗೆ ಸೇರಿಸುತ್ತ ಹೋಗುವುದು ತಪ್ಪು. ಪಾದರಸದ ಬಗ್ಗೆ ಹಲವು ದೇಶಗಳು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದ ಅಮಾಲ್ಗಮ್ ಬಳಕೆಯನ್ನು ಕಡಿಮೆ ಮಾಡುತ್ತ ಬರಬೇಕೆಂದು ಹೇಳಿತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ನಾನು ಇದನ್ನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಹಾಗೆಂದು ನಿಮ್ಮ ಬಾಯಿಯಲ್ಲಿ ಇಪ್ಪತ್ತು ವರ್ಷದಿಂದ ಗಟ್ಟಿಯಾಗಿ ಕುಳಿತಿರುವ ಬೆಳ್ಳಿಯನ್ನು ಹೆದರಿಕೊಂಡು ಕೊರೆಸಿ ತೆಗೆಸಬೇಡಿ. ಅಂಚು ಸರಿಯಿದ್ದರೆ ಅದನ್ನು ಹಾಗೆಯೇ ಬಿಡುವುದು ಲೇಸು.

ಬೆಳ್ಳಿಗಿಂತ ಹಳೆಯ ಮರ್ಯಾದೆ ಚಿನ್ನದ್ದು. 1907ರಲ್ಲಿ ಟ್ಯಾಗಾರ್ಟ್ ಎಂಬ ದಂತವೈದ್ಯರು, ಮೇಣದಲ್ಲಿ ಆಕಾರ ಮಾಡಿ ಅದನ್ನು ಕರಗಿಸಿ ಆ ಜಾಗಕ್ಕೆ ಚಿನ್ನ ಎರೆಯುವ ಕ್ರಮವನ್ನು ಹಲ್ಲಿನ ಕೆಲಸಕ್ಕೆ ತಂದರು. ಅಕ್ಕಸಾಲಿಗರೂ ವಿಗ್ರಹ ಎರೆಯುವವರೂ ಬಲ್ಲ ಕ್ರಮವೇ ಅದು. ಚಿನ್ನದ ಮಿಶ್ರಲೋಹ ಎನಾಮಲ್ ಜೊತೆ ಹೆಚ್ಚುಕಡಿಮೆ ಸಮನಾಗಿ ಸವೆಯುತ್ತದೆ, ಎದುರಿನ ಹಲ್ಲಿಗೆ ಅದರಷ್ಟು ಸೌಮ್ಯವಾದ ವಸ್ತು ಇನ್ನೊಂದಿಲ್ಲ. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈ ಮೆತ್ತನೆಯ ಚಿನ್ನ ಹುದುಗಿರುವುದು ಹಲ್ಲಿನ ಪರಮ ಶತ್ರುವಾದ ಅದೇ ಸ್ಫಟಿಕಶಿಲೆಯ ಎಳೆಗಳ ನಡುವೆ. ಇಂದಿನ ಚಿನ್ನದ ಬೆಲೆಯಲ್ಲಿ ಅದನ್ನು ದವಡೆ ಹಲ್ಲಿಗೆ ಹಾಕಿಸಿಕೊಳ್ಳಿ ಎಂದು ಯಾರಿಗೂ ಹೇಳಲಾರೆ. ಆದರೂ ಒಳ್ಳೆಯ ಫಿಲ್ಲಿಂಗ್ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಅದು ಇಂದಿಗೂ ಒರೆಗಲ್ಲು.

ಮಸ್ಕಿಯ ತಾಯಿಗೆ ನಾನು ಹಾಕಿದ್ದು ಗ್ಲಾಸ್ ಅಯೋನೊಮರ್ ಸಿಮೆಂಟ್. 1969ರಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿದ ಈ ವಸ್ತು ಗಾಜಿನ ಪುಡಿಗೂ ಒಂದು ಬಗೆಯ ಆಮ್ಲಕ್ಕೂ ನಡೆಯುವ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಅಂಟು ಹಚ್ಚದೆಯೇ ಹಲ್ಲಿಗೆ ಹಿಡಿಯುತ್ತದೆ, ಅಲ್ಪಸ್ವಲ್ಪ ಫ್ಲೋರೈಡ್ ಬಿಡುತ್ತ ಅಂಚಿನಲ್ಲಿ ಹೊಸ ಹುಳುಕನ್ನು ತಡೆಯಲು ನೆರವಾಗುತ್ತದೆ, ಯಂತ್ರವಿಲ್ಲದ ಹಳ್ಳಿಯಲ್ಲೂ ಹಾಕಬಹುದು, ಖರ್ಚೂ ಕಡಿಮೆ. ಮಕ್ಕಳ ಹಾಲು ಹಲ್ಲಿಗೆ, ವಸಡಿನ ಬಳಿಯ ಕುಳಿಗೆ ಇದಕ್ಕಿಂತ ಹಿತವಾದದ್ದು ಕಡಿಮೆ. ಆದರೆ ಅಗಿಯುವ ಮುಖದ ಮೇಲೆ ಇದರ ಸವೆತ ಹೆಚ್ಚು, ಅದರಲ್ಲೂ ಹಾಕಿದ ಮೊದಲ ತಿಂಗಳುಗಳಲ್ಲಿ, ವಸ್ತು ಇನ್ನೂ ಒಳಗೊಳಗೆ ಬಲಿಯುತ್ತಿರುವಾಗ. ಅಷ್ಟು ಅಗಲದ ಕುಳಿಗೆ, ಅಷ್ಟು ಗಟ್ಟಿ ತಿನ್ನುವ ಬಾಯಿಗೆ ಅದನ್ನೊಂದನ್ನೇ ನೆಚ್ಚಿದ್ದು ನನ್ನ ಆಯ್ಕೆಯ ದೋಷ.

ಹೀಗೆ ಫಿಲ್ಲಿಂಗ್ ತಗ್ಗಾದರೆ ನಷ್ಟವೇನು ಎಂದು ಕೇಳಬಹುದು. ಎದುರಿನ ಹಲ್ಲಿನ ಉಬ್ಬು ಆ ತಗ್ಗಿನೊಳಕ್ಕೆ ನಿಧಾನವಾಗಿ ಇಳಿಯುತ್ತದೆ. ಮೊದಲು ನಡುವಿನಲ್ಲಿ ಬೀಳುತ್ತಿದ್ದ ಭಾರ ಈಗ ಹಲ್ಲಿನ ಗೋಡೆಗಳ ಮೇಲೆ, ಬೆಂಬಲವಿಲ್ಲದ ಅಂಚಿನ ಮೇಲೆ ಬೀಳುತ್ತದೆ. ಒಂದು ದಿನ ಶೇಂಗಾ ಕಡಿಯುವಾಗಲೋ ಕಟಕ ರೊಟ್ಟಿ ಮುರಿಯುವಾಗಲೋ ಗೋಡೆಯ ಒಂದು ಹೋಳು ಎದ್ದು ಬರುತ್ತದೆ. ಎರಡು ಹಲ್ಲುಗಳ ಸಂದಿನಲ್ಲಿರುವ ಫಿಲ್ಲಿಂಗ್ ಸವೆದರೆ ಸಂದು ಸಡಿಲವಾಗಿ, ಉಂಡಾಗಲೆಲ್ಲ ಅಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆ.

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಹಲ್ಲಿನ ಬಣ್ಣದ ಕಾಂಪೋಸಿಟ್. ಇದರ ಸವೆತದ ಕಥೆ ನನಗೆ ಎಲ್ಲಕ್ಕಿಂತ ಸ್ವಾರಸ್ಯಕರವಾಗಿ ಕಾಣುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1955ರಲ್ಲಿ ಬುವೊನೊಕೋರ್ ಎಂಬುವರು ರಂಜಕಾಮ್ಲವನ್ನು ಎನಾಮಲ್ ಮೇಲೆ ಕೆಲಹೊತ್ತು ಬಿಟ್ಟು ತೊಳೆದರೆ ಅದರ ಮೇಲ್ಮೈ ತರಿತರಿಯಾಗಿ ರಾಳ ಚೆನ್ನಾಗಿ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿದರು. ಅಮೆರಿಕದ ಮಾನಕಗಳ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಬೋವೆನ್ ಹೊಸ ರಾಳವೊಂದನ್ನು ತಯಾರಿಸಿ, ಅದರಲ್ಲಿ ಗಟ್ಟಿ ಕಣಗಳನ್ನು ಬೆರೆಸಿ, 1962ರಲ್ಲಿ ಹಕ್ಕುಪತ್ರ ಪಡೆದರು. ಇಂದಿನ ಎಲ್ಲ ಕಾಂಪೋಸಿಟ್‌ಗಳ ಮೂಲ ಅದೇ.

ರಾಳ ಮೆತ್ತನೆಯದು, ಕಣಗಳು ಗಟ್ಟಿ. ನಮ್ಮ ಡಾಂಬರು ರಸ್ತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಡಾಂಬರು ರಾಳದಂತೆ, ಜಲ್ಲಿ ಗಟ್ಟಿ ಕಣದಂತೆ. ಬಳ್ಳಾರಿ ಕಡೆಯ ಅದಿರಿನ ಲಾರಿಗಳು ಓಡಾಡಿದ ರಸ್ತೆಯಲ್ಲಿ ಮೊದಲು ಜಲ್ಲಿಗಳ ನಡುವಿನ ಡಾಂಬರು ಸವೆದುಹೋಗುತ್ತದೆ. ಆಮೇಲೆ ಜಲ್ಲಿಯ ತಲೆ ಮೇಲೆದ್ದು ಕಾಣುತ್ತದೆ. ಅದರ ಮೇಲೆ ಚಕ್ರ ಹಾಯ್ದಂತೆಲ್ಲ ಬುಡ ಸಡಿಲಾಗಿ ಒಂದು ದಿನ ಜಲ್ಲಿಯೇ ಕಿತ್ತು ಬಂದು ಗುಂಡಿ ಬೀಳುತ್ತದೆ. ಒಂದು ಗುಂಡಿ ಬಿದ್ದ ಮೇಲೆ ಅದರ ಪಕ್ಕದ ಜಲ್ಲಿಗೆ ಆಸರೆ ಇಲ್ಲ. ಮೊದಲ ತಲೆಮಾರಿನ ಕಾಂಪೋಸಿಟ್‌ಗಳಲ್ಲಿ ನಡೆದದ್ದು ಇದೇ. ಅವುಗಳಲ್ಲಿದ್ದ ಸ್ಫಟಿಕಶಿಲೆಯ ಕಣಗಳು 10ರಿಂದ 50 ಮೈಕ್ರೋಮೀಟರ್ ಗಾತ್ರದವು. ದವಡೆ ಹಲ್ಲಿನಲ್ಲಿ ಅವು ವರ್ಷಕ್ಕೆ 100 ಮೈಕ್ರೋಮೀಟರ್‌ವರೆಗೂ ಸವೆಯುತ್ತಿದ್ದವು, ಅಂದರೆ ಎನಾಮಲ್‌ನ ಮೂರು ಪಟ್ಟು. ಅದೇ ಹೊತ್ತಿಗೆ ತಲೆಯೆತ್ತಿದ ಸ್ಫಟಿಕದ ಕಣಗಳು ಎದುರಿನ ಹಲ್ಲನ್ನು ಅರದಂತೆ ಉಜ್ಜುತ್ತಿದ್ದವು. ತಾನೂ ಉಳಿಯದೆ, ಎದುರಿನವರನ್ನೂ ಉಳಿಯಗೊಡದ ವಸ್ತು ಅದು.

ಪರಿಹಾರ ಜಲ್ಲಿಯನ್ನು ಇನ್ನಷ್ಟು ಗಡಸು ಮಾಡುವುದರಲ್ಲಿ ಇರಲಿಲ್ಲ. ಜಲ್ಲಿಯನ್ನು ಸಣ್ಣದು ಮಾಡಿ ಒತ್ತೊತ್ತಾಗಿ ಜೋಡಿಸುವುದರಲ್ಲಿತ್ತು. ಕಣಗಳ ನಡುವಿನ ಅಂತರ ಮೈಕ್ರೋಮೀಟರ್‌ನ ಹತ್ತನೆಯ ಒಂದೆರಡು ಭಾಗಕ್ಕಿಂತ ಕಡಿಮೆಯಾದರೆ, ಅಗಿಯುವಾಗ ನಡುವೆ ಬರುವ ಆಹಾರದ ಕಣ ಆ ಸಂದಿಗೆ ಇಳಿದು ರಾಳವನ್ನು ಕೆರೆಯಲಾರದು. ಸಣ್ಣ ಕಣಗಳೇ ಮೆತ್ತನೆಯ ರಾಳಕ್ಕೆ ಮರೆಯಾಗಿ ನಿಲ್ಲುತ್ತವೆ. 1970ರ ದಶಕದಲ್ಲಿ 0.04 ಮೈಕ್ರೋಮೀಟರ್ ಗಾತ್ರದ ಸಿಲಿಕಾ ಕಣಗಳ ಕಾಂಪೋಸಿಟ್ ಬಂತು. ನುಣುಪಿನಲ್ಲಿ ಅದು ಮೇಲಾದರೂ, ಅಷ್ಟು ಸಣ್ಣ ಕಣಗಳನ್ನು ಹೆಚ್ಚು ಪ್ರಮಾಣದಲ್ಲಿ ರಾಳಕ್ಕೆ ಸೇರಿಸಲು ಬರದೆ, ಭಾರ ಬೀಳುವ ಕಡೆ ಚೂರು ಏಳುತ್ತಿತ್ತು. ದೊಡ್ಡ ಕಣಗಳ ನಡುವೆ ಸಣ್ಣವನ್ನು ತುಂಬಿದ ಮಿಶ್ರ ಬಗೆಗಳು ಆಮೇಲೆ ಬಂದವು. ಒಳ್ಳೆಯ ಗಾರೆ ಕೆಲಸದವರು ಜಲ್ಲಿ, ಮರಳು, ಸಿಮೆಂಟಿನ ಪ್ರಮಾಣ ಹೊಂದಿಸುವ ರೀತಿಯೇ ಅದು. ಕಣವನ್ನೂ ರಾಳವನ್ನೂ ಬೆಸೆಯುವ ಸಿಲೇನ್ ಎಂಬ ತೆಳು ಲೇಪವಂತೂ ಇಡೀ ವಸ್ತುವಿನ ಪ್ರಾಣ. ಆ ಬೆಸುಗೆ ಬಿಟ್ಟರೆ ಕಣ ಎಷ್ಟು ಸಣ್ಣದಿದ್ದರೂ ಕಿತ್ತುಬರುತ್ತದೆ. ಇಂದಿನ ಒಳ್ಳೆಯ ಕಾಂಪೋಸಿಟ್‌ಗಳು ಸವೆತದಲ್ಲಿ ಎನಾಮಲ್‌ಗೆ ಹತ್ತಿರ ಬಂದು ನಿಂತಿವೆ.

ಹತ್ತಿರ ಬರುವುದು ವಸ್ತುವಿನಷ್ಟೇ ಹಾಕುವ ಕೈಯ ಮೇಲೂ ನಿಂತಿದೆ. ಕಾಂಪೋಸಿಟ್ ಗಟ್ಟಿಯಾಗುವುದು ಸುಮಾರು 470 ನ್ಯಾನೋಮೀಟರ್ ಅಲೆಯುದ್ದದ ನೀಲಿ ಬೆಳಕಿನಿಂದ. ಆ ಬೆಳಕು ಸಾಮಾನ್ಯವಾಗಿ ಎರಡು ಮಿಲಿಮೀಟರ್‌ಗಿಂತ ಆಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಅದಕ್ಕಾಗಿಯೇ ನಾವು ಪದರು ಪದರಾಗಿ ತುಂಬಿ, ಒಂದೊಂದಕ್ಕೂ ಬೆಳಕು ಹಿಡಿಯುತ್ತೇವೆ. ದೀಪ ಹಳೆಯದಾಗಿ ಶಕ್ತಿ ಕುಂದಿದ್ದರೆ, ತುದಿಯ ಮೇಲೆ ಹಿಂದಿನ ರೋಗಿಯ ಕೆಲಸದ ರಾಳ ಅಂಟಿದ್ದರೆ, ಅವಸರದಲ್ಲಿ ಎರಡು ಪದರು ಒಂದಾಗಿಸಿದರೆ, ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಹಸಿ ಉಳಿಯುತ್ತದೆ. ಇನ್ನು ಎಲ್ಲಕ್ಕಿಂತ ಮೇಲಿನ ತೆಳು ಪದರು ಗಾಳಿಯ ಆಮ್ಲಜನಕ ತಾಗಿದ್ದರಿಂದ ಸರಿಯಾಗಿ ಬಲಿಯುವುದೇ ಇಲ್ಲ. ಅದನ್ನು ಉಜ್ಜಿ ತೆಗೆದು ಹೊಳಪು ಕೊಡಬೇಕು. ವೈದ್ಯರು ಕೊನೆಗೆ ರಬ್ಬರಿನ ಚಕ್ರ ಹಿಡಿದು ಐದಾರು ನಿಮಿಷ ಉಜ್ಜುತ್ತಿದ್ದರೆ, ಇದೇನು ಚೆಂದಕ್ಕೆ ಎಂದು ಬೇಸರಪಡಬೇಡಿ.

ಇಷ್ಟು ಹೇಳಿದ ಮೇಲೆ ಸಹಜವಾಗಿ ಒಂದು ಯೋಚನೆ ಬರುತ್ತದೆ: ಸವೆಯುವುದೇ ತೊಂದರೆಯಾದರೆ, ಸವೆಯದ ವಸ್ತುವನ್ನೇ ಹಾಕಬಾರದೇಕೆ? ನಾನೂ ವೃತ್ತಿಯ ಆರಂಭದಲ್ಲಿ ಹಾಗೆಯೇ ಯೋಚಿಸಿದ್ದೆ. ನನ್ನಿಂದ ಆದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಒಬ್ಬ ಹೆಣ್ಣುಮಗಳಿಗೆ ಮೇಲಿನ ದವಡೆ ಹಲ್ಲಿಗೆ ಪಿಂಗಾಣಿಯ ಕ್ಯಾಪ್ ಕೂಡಿಸಿದೆ. ಅದು ಸ್ವಲ್ಪ ಎತ್ತರವಾಗಿ ತಾಗುತ್ತಿದ್ದುದರಿಂದ ವಜ್ರದ ಕಣ ಹೊದಿಸಿದ ತರಿಯುವ ಮೊನೆಯಿಂದ ಮೇಲ್ಭಾಗವನ್ನು ತುಸು ತರಿದೆ. ಹೊರಗೆ ಜನ ಕಾಯುತ್ತಿದ್ದರು. ತರಿದ ಜಾಗಕ್ಕೆ ಮತ್ತೆ ಹೊಳಪು ಕೊಡದೆ ಕಳಿಸಿಬಿಟ್ಟೆ. ಮೂರು ವರ್ಷದ ಮೇಲೆ ಅವರು ಬೇರೆ ಕಾರಣಕ್ಕೆ ಬಂದಾಗ ನೋಡಿದರೆ ಕ್ಯಾಪ್ ಹಾಕಿದ ದಿನದಷ್ಟೇ ಗಟ್ಟಿಯಾಗಿತ್ತು, ಅದರ ಕೆಳಗಿನ ಆರೋಗ್ಯವಂತ ಹಲ್ಲಿನ ಉಬ್ಬು ಮಾತ್ರ ಬಟ್ಟಲಿನಂತೆ ಕೊರೆದುಹೋಗಿ, ನಡುವೆ ಸಾಸಿವೆ ಕಾಳಿನಷ್ಟು ಹಳದಿ ಡೆಂಟಿನ್ ಹೊರಗೆ ಕಾಣುತ್ತಿತ್ತು. ಡೆಂಟಿನ್ ಒಮ್ಮೆ ಹೊರಬಿತ್ತೆಂದರೆ ಅಲ್ಲಿಂದ ಮುಂದೆ ಸವೆತ ಬೇಗ. ಹುಳುಕಿಲ್ಲದ, ನೋವಿಲ್ಲದ ಒಂದು ಹಲ್ಲನ್ನು ನಾನು ಕ್ಯಾಪಿನ ಹಲ್ಲಿಗಾಗಿ ತೆತ್ತಿದ್ದೆ. ಎನಾಮಲ್ ಮತ್ತೆ ಬೆಳೆಯುವುದಿಲ್ಲ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿ. ಸವೆದ ಫಿಲ್ಲಿಂಗನ್ನು ಮತ್ತೆ ತುಂಬಬಹುದು. ಸವೆದ ಎನಾಮಲನ್ನು ಯಾರೂ ತುಂಬಿಕೊಡಲಾರರು. ಆದ್ದರಿಂದ ಫಿಲ್ಲಿಂಗ್ ಹಲ್ಲಿನೊಡನೆ ಸಮನಾಗಿ ಸವೆಯಬೇಕು, ಲೆಕ್ಕ ತುಸು ತಪ್ಪಿದರೂ ಆ ತಪ್ಪು ಫಿಲ್ಲಿಂಗಿನ ಪಾಲಿಗೆ ಬರಬೇಕು, ಎದುರಿನ ಹಲ್ಲಿನ ಪಾಲಿಗೆ ಬರಬಾರದು ಎಂಬುದು ಅಂದಿನಿಂದ ನಾನು ಹಿಡಿದ ನಿಲುವು.

ಬೀಸುಕಲ್ಲಿನ ಮೇಲಿನ ಕಲ್ಲಿಗೂ ಕೆಳಗಿನ ಕಲ್ಲಿಗೂ ಒಂದೇ ಜಾತಿಯ ಕಲ್ಲನ್ನು ಆರಿಸುತ್ತಿದ್ದವರು, ಸವೆದಾಗ ಎರಡನ್ನೂ ಉಳಿಯಿಂದ ಹೊಡೆದು ಮತ್ತೆ ತರಿ ಮಾಡುತ್ತಿದ್ದವರು ಈ ಮರ್ಮವನ್ನು ಕೈಯಿಂದಲೇ ತಿಳಿದಿದ್ದರು.

ಇಲ್ಲಿ ಗಡಸುತನದ ಬಗ್ಗೆ ಇರುವ ಒಂದು ತಪ್ಪು ಕಲ್ಪನೆಯನ್ನೂ ಬಿಡಿಸಬೇಕು. 1953ರಲ್ಲಿ ಆರ್ಚರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಕೊಟ್ಟ ಸೂತ್ರದಂತೆ, ಭಾರ ಹೆಚ್ಚಿದಷ್ಟೂ ಉಜ್ಜಿದ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು, ಗಡಸುತನ ಹೆಚ್ಚಿದಷ್ಟೂ ಕಡಿಮೆ. ಲೋಹಕ್ಕೆ ಲೋಹ ಉಜ್ಜುವಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಹಲ್ಲಿನಲ್ಲಿ ಇದೊಂದೇ ಸಾಲದು. ಜಿರ್ಕೋನಿಯಾ ಎಂಬ ಇಂದಿನ ಕ್ಯಾಪಿನ ವಸ್ತು ವಿಕರ್ಸ್ ಅಳತೆಯಲ್ಲಿ ಸುಮಾರು 1200. ಎನಾಮಲ್ 300ರಿಂದ 350ರ ಆಸುಪಾಸು. ಈ ಅಂಕಿ ನೋಡಿ ಜಿರ್ಕೋನಿಯಾ ಎದುರಿನ ಹಲ್ಲನ್ನು ತಿಂದುಹಾಕುತ್ತದೆ ಎಂದು ಎಲ್ಲರೂ ಹೆದರಿದ್ದರು. ಪ್ರಯೋಗಗಳಲ್ಲಿ ಕಂಡದ್ದು ಬೇರೆ. ಕನ್ನಡಿಯಂತೆ ಹೊಳಪು ಕೊಟ್ಟ ಜಿರ್ಕೋನಿಯಾ, ಅದಕ್ಕಿಂತ ಎಷ್ಟೋ ಮೆತ್ತನೆಯ ಹಳೆಯ ಪಿಂಗಾಣಿಗಿಂತ ಎದುರಿನ ಎನಾಮಲ್ಲನ್ನು ಕಡಿಮೆ ಸವೆಸುತ್ತದೆ. ಪಿಂಗಾಣಿ ಚೂರು ಚೂರಾಗಿ ಎದ್ದು ಒರಟಾಗುತ್ತದೆ, ಜಿರ್ಕೋನಿಯಾ ಹೊಳಪನ್ನು ಉಳಿಸಿಕೊಳ್ಳುತ್ತದೆ. ಅದೇ ಜಿರ್ಕೋನಿಯಾವನ್ನು ತರಿದು ಒರಟಾಗಿ ಬಿಟ್ಟರೆ ಅದೂ ಅರವೇ. ಅಂದು ನಾನು ಬಿಟ್ಟ ಹತ್ತು ನಿಮಿಷದ ಕೆಲಸದ ಬೆಲೆ ಇದು.

ಇವನ್ನೆಲ್ಲ ಅಳೆಯುವುದು ಹೇಗೆ? ಬಾಯಿಯಲ್ಲೇ ಅಳೆಯಲು ವರ್ಷಗಳು ಬೇಕು, ಆದ್ದರಿಂದ ಅಗಿಯುವುದನ್ನು ಅನುಕರಿಸುವ ಯಂತ್ರಗಳನ್ನು ಮಾಡಿದ್ದಾರೆ. ಸಾಮಾನ್ಯವಾಗಿ ಸುಮಾರು 50 ನ್ಯೂಟನ್, ಅಂದರೆ ಐದು ಕಿಲೋ ತೂಕದಷ್ಟು ಭಾರದಲ್ಲಿ 12 ಲಕ್ಷ ಬಾರಿ ಅಗಿಸಿ, ಅದನ್ನು ಬಾಯಿಯ ಸುಮಾರು ಐದು ವರ್ಷಕ್ಕೆ ಸಮ ಎಂದು ಎಣಿಸುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೂಪುಗೊಂಡ, ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ನೆಚ್ಚಿಕೊಂಡಿರುವ ಯಂತ್ರವೊಂದರಲ್ಲಿ ಎರಡು ಚಕ್ರಗಳ ನಡುವೆ ಆಹಾರದ ಬದಲು ಹಾಕುವ ಗಂಜಿ ಏನೆಂದು ಓದಿದಾಗ ನನಗೆ ಬಹಳ ಸಂತೋಷವಾಯಿತು. ಅದು ಅಕ್ಕಿ ಮತ್ತು ಸಿರಿಧಾನ್ಯದ ಹೊಟ್ಟು ಸೇರಿಸಿದ ಗಂಜಿ. ಅಮೆರಿಕದ ಆರೆಗಾನ್‌ನ ಇನ್ನೊಂದು ಯಂತ್ರದಲ್ಲಿ ಗಸಗಸೆ ಹಾಕುತ್ತಾರೆ. ಸಿಂಧನೂರಿನ ಅಕ್ಕಿ, ಕುಷ್ಟಗಿಯ ಸಜ್ಜೆ ಉಣ್ಣುವ ನಾವು ಆ ಯಂತ್ರ ಮಾಡುವ ಕೆಲಸವನ್ನು ದಿನಕ್ಕೆರಡು ಹೊತ್ತು ನಮ್ಮ ಬಾಯಿಯಲ್ಲೇ ಮಾಡುತ್ತಿದ್ದೇವೆ. ಯಂತ್ರ ಯಂತ್ರಕ್ಕೆ ಫಲಿತಾಂಶ ಬೇರೆ ಬರುತ್ತದೆ ಎಂಬುದನ್ನೂ ಹೇಳಬೇಕು; ಒಂದೇ ಯಂತ್ರದಲ್ಲಿ ಎರಡು ವಸ್ತುಗಳನ್ನು ಹೋಲಿಸಿದ್ದಕ್ಕೆ ಬೆಲೆ ಇದೆ, ಬಿಡಿ ಅಂಕಿಗೆ ಅಷ್ಟಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕಿದೆ. ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ರಾಷ್ಟ್ರೀಯ ಮಾನಕ. ಹಲ್ಲು ಕಟ್ಟುವ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಕುಡಿದ ಮಗುವಿನ ಎನಾಮಲ್, ಮೇಲೆ ಗಟ್ಟಿಯಾಗಿ ಕಂಡರೂ, ಒಳಪದರದಲ್ಲಿ ಖನಿಜ ಕಡಿಮೆಯಾಗಿ ಸಡಿಲವಾಗಿರುತ್ತದೆ. ತೀವ್ರವಾಗಿದ್ದರೆ ಹಲ್ಲು ಹುಟ್ಟಿ ಅಗಿಯಲು ತೊಡಗಿದ ಮೇಲೆ ಮೇಲ್ಪದರ ಚಕ್ಕೆಯಾಗಿ ಏಳುತ್ತದೆ. ಬೆಲ್ಜಿಯಂನವರ 29 ಮೈಕ್ರೋಮೀಟರ್ ಲೆಕ್ಕ ಇಂತಹ ಹಲ್ಲಿಗೆ ಅನ್ವಯಿಸದು. ಆ ಹಲ್ಲಿಗೆ ಆಮ್ಲ ಹಚ್ಚಿ ಕಾಂಪೋಸಿಟ್ ಅಂಟಿಸುವಾಗಲೂ ಹೆಚ್ಚು ಹೊತ್ತು, ಹೆಚ್ಚು ಎಚ್ಚರ ಬೇಕು. ಅಂತಹವರಿಗೆ ಪಿಂಗಾಣಿಯಂತಹ ಗಡಸು ವಸ್ತುವನ್ನು ಎದುರಿನ ಹಲ್ಲಿಗೆ ಕೂಡಿಸುವ ಮುನ್ನ ನಾನು ಎರಡು ಬಾರಿ ಯೋಚಿಸುತ್ತೇನೆ. ಇಂತಹ ಹಲ್ಲಿನ ಮೇಲೆ ವಸ್ತುಗಳ ಸವೆತವನ್ನು ಅಳೆಯುವ ಕೆಲಸ ನಮ್ಮ ಭಾಗದ ದಂತ ಕಾಲೇಜುಗಳಲ್ಲಿ ನಡೆಯಬೇಕೆಂಬುದು ನನ್ನ ಬಹಳ ದಿನದ ಆಸೆ. ನಮ್ಮ ಹಲ್ಲಿನ ಲೆಕ್ಕವನ್ನು ನಾವೇ ಬರೆಯಬೇಕು.

ಎಲೆಯಡಿಕೆ ಮತ್ತು ಗುಟ್ಕಾ ಬಗ್ಗೆ ಒಂದೆರಡು ಮಾತು. ಅವು ಬಾಯಿ ಕ್ಯಾನ್ಸರ್ ತರುತ್ತವೆ ಎಂಬುದು ಎಲ್ಲಕ್ಕಿಂತ ದೊಡ್ಡ ಸಂಗತಿ, ಅದರ ಮುಂದೆ ಫಿಲ್ಲಿಂಗ್ ಸವೆತ ಗೌಣ. ಆದರೂ ಹೇಳುತ್ತೇನೆ: ಗಟ್ಟಿ ಅಡಿಕೆಯನ್ನು ತಾಸುಗಟ್ಟಲೆ ಜಗಿಯುವವರ ಹಲ್ಲು, ಫಿಲ್ಲಿಂಗ್ ಎರಡೂ ಉಳಿದವರಿಗಿಂತ ಬೇಗ ಸವೆಯುತ್ತವೆ. ಅದರ ಜೊತೆಗಿನ ಸುಣ್ಣ ತೀಕ್ಷ್ಣ ಕ್ಷಾರ. ಕಾಂಪೋಸಿಟನ್ನು ಬೇಗ ಶಿಥಿಲಗೊಳಿಸಿ ನೋಡಬೇಕೆಂದಾಗ ಪ್ರಯೋಗಾಲಯದವರು ಅದನ್ನು ಕ್ಷಾರದ ದ್ರಾವಣದಲ್ಲೇ ಅದ್ದಿಡುತ್ತಾರೆ, ಏಕೆಂದರೆ ಕಣವನ್ನು ರಾಳಕ್ಕೆ ಕಟ್ಟಿದ ಸಿಲೇನ್ ಬೆಸುಗೆ ಕ್ಷಾರದಲ್ಲಿ ಬಿಡುತ್ತದೆ. ಬಾಯಿಯಲ್ಲೂ ಸುಣ್ಣ ಅದೇ ದಾರಿ ಹಿಡಿಯುತ್ತದೆ ಎಂಬುದು ನನ್ನ ಅನಿಸಿಕೆ. ಇದ್ದಿಲು, ಇಟ್ಟಿಗೆ ಪುಡಿ, ಬೂದಿಯಿಂದ ಹಲ್ಲುಜ್ಜುವುದನ್ನೂ ದಯವಿಟ್ಟು ಬಿಡಿ. ಅದು ಹಲ್ಲಿಗೆ ಮರಳು ಕಾಗದ ಹಾಕಿದಂತೆ.

ಮಾತು ಮುಗಿದ ಮೇಲೆ ನಿವೃತ್ತ ಶಿಕ್ಷಕರೊಬ್ಬರು, ಹಾಗಾದರೆ ಫಿಲ್ಲಿಂಗ್ ಕೆಡುವುದು ಮುಖ್ಯವಾಗಿ ಸವೆತದಿಂದಲೇ ಎಂದು ಕೇಳಿದರು. ಅಲ್ಲ. ಇಂದಿನ ಕಾಂಪೋಸಿಟ್‌ಗಳು ಬದಲಾಯಿಸಬೇಕಾಗಿ ಬರುವುದು ಹೆಚ್ಚಾಗಿ ಅಂಚಿನಲ್ಲಿ ಹೊಸ ಹುಳುಕು ಬಂದಾಗ ಅಥವಾ ಒಡೆದಾಗ. ಸವೆತ ಮುಖ್ಯವಾಗುವುದು ಅಗಲವಾದ ಫಿಲ್ಲಿಂಗ್‌ಗಳಲ್ಲಿ, ಹಲ್ಲು ಕಡಿಯುವವರಲ್ಲಿ, ಮತ್ತು ನಾನು ಹೇಳಿದ ಈ ಊಟ, ಈ ಧೂಳು, ಈ ಅಭ್ಯಾಸಗಳಿರುವ ಬಾಯಿಯಲ್ಲಿ. ಹಲ್ಲು ಕಡಿಯುವವರು ಯಾವ ಫಿಲ್ಲಿಂಗ್ ಒಳ್ಳೆಯದೆಂದು ಕೇಳುವುದಕ್ಕಿಂತ ಮೊದಲು, ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ ಮಾಡಿಸಿಕೊಳ್ಳಬೇಕು; ಸವೆಯುವುದಾದರೆ ಅದು ಸವೆಯಲಿ.

ಮಸ್ಕಿಯ ತಾಯಿಯ ಹಲ್ಲಿಗೆ ಏನು ಮಾಡಿದೆ ಎಂದು ಹೇಳದೆ ನಿಲ್ಲಿಸಲಾರೆ. ತಳದಲ್ಲಿ ಗಟ್ಟಿಯಾಗಿದ್ದ ಹಳೆಯ ಗ್ಲಾಸ್ ಅಯೋನೊಮರನ್ನು ಹಾಗೆಯೇ ಬಿಟ್ಟು, ಅದರ ಮೇಲೆ ಎರಡು ಪದರು ಕಾಂಪೋಸಿಟ್ ಕಟ್ಟಿ, ಬಣ್ಣದ ಕಾಗದ ಕಚ್ಚಿಸಿ ಎತ್ತರ ನೋಡಿ, ಕೊನೆಯಲ್ಲಿ ನಿಧಾನವಾಗಿ ಹೊಳಪು ಕೊಟ್ಟೆ. ಅಂದೇ ಮೇಲಿನ, ಕೆಳಗಿನ ಹಲ್ಲುಗಳ ಅಚ್ಚು ತೆಗೆದು ಗಟ್ಟಿ ಪ್ಲಾಸ್ಟರಿನಲ್ಲಿ ಎರೆದು, ಬುಡದಲ್ಲಿ ತಾರೀಖು ಬರೆದಿಟ್ಟೆ. ಎರಡು ವರ್ಷದ ಮೇಲೆ ಅವರು ಬಂದಾಗ ಮತ್ತೊಮ್ಮೆ ಅಚ್ಚು ತೆಗೆದೆ. ಈ ಎರಡು ಜೊತೆ ಅಚ್ಚುಗಳನ್ನು ಸಭೆಯಲ್ಲಿ ಮೇಜಿನ ಮೇಲಿಟ್ಟು ಎಲ್ಲರಿಗೂ ಮುಟ್ಟಿ ನೋಡಲು ಹೇಳಿದೆ. ಎರಡನೆಯ ಅಚ್ಚಿನ ಅಂಚಿನಿಂದ ಒಳಕ್ಕೆ ಉಗುರು ಆಡಿಸಿದರೆ ಆ ಮೆಟ್ಟಿಲು ಸಿಗುವುದಿಲ್ಲ. ಎದುರಿನ ಮೇಲಿನ ಹಲ್ಲಿನ ಉಬ್ಬಿನ ಮೇಲೆ ಒಂದು ಸಣ್ಣ ಚಪ್ಪಟೆ ಗುರುತಿದೆ; ಅದರ ಪಕ್ಕದ, ಫಿಲ್ಲಿಂಗ್ ತಾಗದ ಹಲ್ಲಿನ ಉಬ್ಬಿನ ಮೇಲೂ ಅಷ್ಟೇ ಅಗಲದ ಗುರುತಿದೆ.